ಎರಡು ಸುರುಳಿ, ನಾಲ್ಕು ಬೆರಳು

ಸವಣೂರಿನ ನಮ್ಮ ಮನ್ಯಾಗ ಅಜ್ಜನ ಕಾಲದ ವಾಲ್ವ್ ರೇಡಿಯೋ ಒಂದಿತ್ತು. ವೀಳ್ಯದೆಲಿ ತೋಟದಿಂದ ಬಂದ ಕೂಡಲೇ ಅಪ್ಪ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದ. 1950ರ ಜನವರಿ 8ರಂದು ಶುರುವಾದ ನಿಲಯ ಅದು. ಒಮ್ಮೆ ರಿಪೇರಿ ಅಂಗಡ್ಯಾಗ ನಾನು ರೇಡಿಯೋದ ಒಳಗಿನ ತಗಡಿನ ಡಬ್ಬಿಯ ತಿರುಪಿಗೆ ಕೈ ಹಾಕಿದೆ. “ಮುಟ್ಟಬ್ಯಾಡೋ ತಮ್ಮಾ, ಸ್ಟೇಷನ್ ಸಿಗೂದಿಲ್ಲ” ಅಂದರು ಅಂಗಡಿಯವರು. ಆ ಡಬ್ಬಿಯೊಳಗೆ ಒಂದೇ ಶ್ರುತಿಯ ಎರಡು ಸುರುಳಿಗಳಿರುತ್ತವೆ ಅಂತ ತಿಳಿದದ್ದು ಬಿಇ ಓದುವಾಗ.

ಆಗಲೇ ಟೆಸ್ಲಾ ಕಾಯಿಲ್ ಹುಚ್ಚು ಹತ್ತಿತು. 1891ರಲ್ಲಿ ನಿಕೋಲಾ ಟೆಸ್ಲಾ ತೋರಿಸಿದ ಯಂತ್ರವದು. ಸುರುಳಿಗಳು ಹತ್ತಿರವಾದಷ್ಟೂ ಕಿಡಿ ಉದ್ದ ಅಂದುಕೊಂಡು ರಜೆಯಲ್ಲಿ ಊರಲ್ಲೇ ಕಟ್ಟಿದೆ. ಕಿಡಿ ಮೇಲೆ ಹಾರಲಿಲ್ಲ, ಸುರುಳಿಯಿಂದ ಸುರುಳಿಗೇ ಹಾರಿ ತಂತಿಯ ವಾರ್ನಿಷ್ ಸುಟ್ಟಿತು.

ನೂರು ವರ್ಷದ ಹಿಂದೆ ನಿಸ್ತಂತು ತಂತಿಯವರಿಗೂ ಇದೇ ತಲೆನೋವಿತ್ತು. 1898ರ ಸುಮಾರಿಗೆ ಜರ್ಮನಿಯ ಫರ್ಡಿನಂಡ್ ಬ್ರೌನ್ ಕಿಡಿಯನ್ನು ಆಂಟೆನಾದಿಂದ ಬೇರೆ ಮಾಡಿ, ಸುರುಳಿಗಳ ಮೂಲಕ ಜೋಡಿಸಿದರು. 1909ರ ನೊಬೆಲ್ ಅವರಿಗೂ ಮಾರ್ಕೋನಿಗೂ ಸೇರಿ ಬಂತು. ಆದರೆ ಜೋಡಣೆ ಬಿಗಿಯಾದರೆ ಶಕ್ತಿ ಆ ಕಡೆ ಹೋಗಿ ತಿರುಗಿ ಈ ಕಡೆ ಬರುತ್ತದೆ, ಒಂದು ಅಲೆ ಎರಡಾಗಿ ಸೀಳುತ್ತದೆ. 1906ರಲ್ಲಿ ಮ್ಯಾಕ್ಸ್ ವೀನ್ ಉಪಾಯ ಕಂಡುಹಿಡಿದರು: ಶಕ್ತಿ ಆಚೆ ದಾಟಿದ ಕೂಡಲೇ ಕಿಡಿ ಆರಬೇಕು, ಆಗ ವಾಪಸ್ ಬರಲು ದಾರಿಯೇ ಇರುವುದಿಲ್ಲ.

ಅವರಿಗೆ ಪೀಡೆಯಾಗಿದ್ದ ಆ ಸೀಳೇ ನನಗೆ ಅಳತೆಗೋಲಾಯಿತು. ಹೈವೋಲ್ಟೇಜ್ ಪೂರ್ತಿ ಕಳಚಿ, ಕಿಡಿಯ ಜಾಗಕ್ಕೆ ತಂತಿ ಸೇರಿಸಿ, ಸಿಗ್ನಲ್ ಜನರೇಟರಿನ ಸಣ್ಣ ಸಂಕೇತ ಕೊಟ್ಟೆ. ಎರಡೂ ಸುರುಳಿ ಬಿಡಿಬಿಡಿಯಾಗಿ 300 ಕಿಲೋಹರ್ಟ್ಜ್‌ಗೆ ಶ್ರುತಿಯಾಗಿದ್ದವು. ಜೋಡಿಸಿದಾಗ ಸ್ಕೋಪಿನಲ್ಲಿ ಎರಡು ಶಿಖರ ಕಂಡವು, 274 ಮತ್ತು 335. ಎರಡರ ವರ್ಗಗಳ ವ್ಯತ್ಯಾಸವನ್ನು ವರ್ಗಗಳ ಮೊತ್ತದಿಂದ ಭಾಗಿಸಿದರೆ ಜೋಡಣೆಯ ಗುಣಾಂಕ: 0.2. ನನ್ನ ಸುರುಳಿಗೆ ಅದು ಜಾಸ್ತಿ. ಒಳಗಿನ ಸುರುಳಿಯನ್ನು ನಾಲ್ಕು ಬೆರಳು ಎತ್ತರಿಸಿದೆ. ಶಿಖರಗಳು 286, 316ಕ್ಕೆ ಸರಿದವು, ಗುಣಾಂಕ 0.1 ಆಯಿತು.

ಆಮೇಲೆ ಕರೆಂಟ್ ಕೊಟ್ಟೆ. ಗೇಣುದ್ದ ನೇರಳೆ ಕಿಡಿ ಮೇಲಕ್ಕೇ ಹಾರಿತು! ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಪಡಸಾಲಿಯಿಂದ ಅಪ್ಪನ ದನಿ: “ಏನ್ ಹಚ್ಚೀಯೋ? ಧಾರವಾಡ ಬರೇ ಕರ್‌ಕರ್ ಅಂತೈತಿ, ಮಳಿ ಸುದ್ದಿ ಕೇಳಬೇಕು.”

ಕಿಡಿಯ ಅಲೆ ಎಷ್ಟು ಪಳಗಿಸಿದರೂ ಅಕ್ಕಪಕ್ಕದವರ ಮೇಲೆ ಚೆಲ್ಲುತ್ತದೆ. ಜಗತ್ತು ಕಿಡಿ ನಿಲಯಗಳನ್ನು ಕೈಬಿಡಲು ಅದೂ ಒಂದು ಕಾರಣ. ನಾನೂ ಸ್ವಿಚ್ ಆರಿಸಿದೆ.