ಯಕ್ಷಗಾನದ ಮುಖವರ್ಣಿಕೆಯಲ್ಲಿ ಖನಿಜವರ್ಣಗಳು

ಕುಮಟಾ ತಾಲ್ಲೂಕಿನ ಹಿರೇಗುತ್ತಿಯಿಂದ ಹೊನ್ನಾವರ, ಭಟ್ಕಳಗಳವರೆಗಿನ ಕರಾವಳಿಯು ಬಡಗುತಿಟ್ಟಿನ ಯಕ್ಷಗಾನಕ್ಕೆ ಹೆಸರಾದ ಪ್ರದೇಶ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಮೇಳವು ಹೊನ್ನಾವರದ ಗುಣವಂತೆಯದು. ಈ ಕಲೆಯ ಪ್ರಸಂಗಸಾಹಿತ್ಯ, ತಾಳ, ಕುಣಿತಗಳನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಚೌಕಿಯಲ್ಲಿ ವೇಷಧಾರಿಯು ಮುಖಕ್ಕೆ ಬಳಿದುಕೊಂಡ ವಸ್ತುವೂ ಇತಿಹಾಸದ ಆಧಾರವೆಂಬುದನ್ನು ನಾವಿಲ್ಲಿ ತೋರಿಸಬಯಸುತ್ತೇವೆ.

ಹಳೆಯ ಕ್ರಮದಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳುಪಿಗೆ ಸಫೇದ, ಕಪ್ಪಿಗೆ ಕಾಡಿಗೆ ಬಳಕೆಯಲ್ಲಿದ್ದುವು. ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಲೇಪಿಸುತ್ತಿದ್ದರು. ದೊಂದಿಯ ಬೆಳಕಿನಲ್ಲಿ ಹಳದಿ-ಕೆಂಪು ಮಿಶ್ರಿತವಾದ ಆ ಬಣ್ಣವು ಮುಖಕ್ಕೆ ವಿಶೇಷ ಕಾಂತಿಯನ್ನು ಕೊಡುತ್ತಿತ್ತು.

ಅರದಾಳವೆಂದರೆ ಸಂಸ್ಕೃತದ ಹರಿತಾಳ. ಅದು ಆರ್ಸೆನಿಕ್ ಮತ್ತು ಗಂಧಕಗಳ ಸಂಯುಕ್ತವಾಗಿದ್ದು, ತೂಕದಲ್ಲಿ ಶೇಕಡಾ 61ರಷ್ಟು ಆರ್ಸೆನಿಕ್ಕನ್ನೇ ಒಳಗೊಂಡಿದೆ. ಪಾದರಸ ಮತ್ತು ಗಂಧಕಗಳಿಂದಾದ ಇಂಗಳೀಕದಲ್ಲಿ ಶೇಕಡಾ 86ರಷ್ಟು ಪಾದರಸವಿದೆ. ಇವೆರಡೂ ನೀರಿನಲ್ಲಿ ಸುಲಭವಾಗಿ ಕರಗವಾದುದರಿಂದ ಹಚ್ಚಿದೊಡನೆ ಅಪಾಯವು ತೋರದು. ಆದರೆ ಅರದಾಳವು ಗಾಳಿ-ಬೆಳಕುಗಳ ಸಂಪರ್ಕದಿಂದ ಕ್ರಮೇಣ ಕರಗಬಲ್ಲ ಬಿಳಿಯ ಪಾಷಾಣವಾಗಿ ಮಾರ್ಪಡುತ್ತದೆ. ಅರೆಯುವಾಗ ಏಳುವ ಧೂಳು ಉಸಿರಿನೊಡನೆಯೂ ತುಟಿಯಂಚಿನ ಲೇಪವು ಎಂಜಲಿನೊಡನೆಯೂ ದೇಹವನ್ನು ಸೇರಬಲ್ಲುವು. ಸಫೇದವೆಂಬ ಒಂದೇ ಹೆಸರು ವಿಷಕರವಾದ ಸೀಸದ ಬಿಳುಪಿಗೂ ನಿರಪಾಯಕರವಾದ ಸತುವಿನ ಬಿಳುಪಿಗೂ ಸಲ್ಲುತ್ತಿತ್ತೆಂಬುದು ಗಮನಾರ್ಹ.

ಹಿಂದಿನವರು ಬಳಸಿದುದರಿಂದಲೇ ಇವು ನಿರಪಾಯಕರವೆಂದು ವಾದಿಸುವುದುಂಟು. ಈ ವಾದವು ನಿಲ್ಲದು. ನಮ್ಮ ರಸಶಾಸ್ತ್ರವೇ ಹರಿತಾಳ, ಹಿಂಗುಲಗಳನ್ನು ಶೋಧನೆಯಿಲ್ಲದೆ ಔಷಧಕ್ಕೆ ಬಳಸಲಾಗದೆಂದು ವಿಧಿಸಿದೆ. ಆ ಶೋಧನೆಯಾದರೂ ಔಷಧಕ್ಕೆ ಹೇಳಿದುದೇ ಹೊರತು ಇರುಳೆಲ್ಲ ಮುಖದ ಮೇಲಿರುವ ಲೇಪಕ್ಕಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಕುಲೀನ ಸ್ತ್ರೀಯರು ಸೀಸದ ಬಿಳುಪನ್ನು ಮುಖಕ್ಕೆ ಹಚ್ಚುತ್ತಿದ್ದರು. ಬಳಕೆಯು ದೀರ್ಘವಾದ ಮಾತ್ರಕ್ಕೆ ವಸ್ತುವಿನ ಗುಣವು ಬದಲಾಗದು.

ಭಾರತದಲ್ಲಿ 1940ರ ಔಷಧ ಕಾಯಿದೆಯ ವ್ಯಾಪ್ತಿಗೆ 1962ರ ತಿದ್ದುಪಡಿಯಿಂದ ಸೌಂದರ್ಯವರ್ಧಕಗಳೂ ಒಳಪಟ್ಟುವು. ಅವುಗಳ ತಯಾರಿಕೆಯಲ್ಲಿ ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದನ್ನು ನಿಯಮಗಳು ನಿಷೇಧಿಸುತ್ತವೆ.

ಹಳೆಯ ವರ್ಣಿಕೆಯನ್ನು ಪುನರುಜ್ಜೀವಿಸಬಯಸುವವರು ಶುದ್ಧೀಕೃತ ಕಬ್ಬಿಣದ ಆಕ್ಸೈಡುಗಳಿಂದಲೂ ಸತುವಿನ ಬಿಳುಪಿನಿಂದಲೂ ಅದೇ ಛಾಯೆಗೆ ಸಮೀಪವಾದುದನ್ನು ಪಡೆಯಬಹುದು. ಹಿರಿಯ ವೇಷಧಾರಿಗಳಿಂದ ಮಾಹಿತಿಯನ್ನು ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಬಣ್ಣದ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು; ಅದು ಯಾವ ವಸ್ತು, ಎಲ್ಲಿಂದ ಬಂದಿತು, ಯಾರು ಅರೆದರು ಎಂಬುದನ್ನೂ ದಾಖಲಿಸಬೇಕು. ರಂಗಸ್ಥಳದ ಶೋಭೆಗೆ ಕಲಾವಿದನ ದೇಹವು ತೆತ್ತ ಬೆಲೆಯನ್ನು ಅರಿಯಲು ಬೇರೆ ಮಾರ್ಗವಿಲ್ಲ.