ನಂಜುಂಡನ ಊರಿನ ಹಲ್ಲುಪುಡಿ

ಕಪಿಲೆಯ ದಡದಲ್ಲಿರುವ ನಂಜನಗೂಡು ಹಾಲಾಹಲವನ್ನು ಕಂಠದಲ್ಲಿ ತಡೆದ ದೇವರ ಊರು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಹೋದ ದೃಷ್ಟಿಯನ್ನು ಮರಳಿ ಕೊಟ್ಟನೆಂಬ ನಂಬಿಕೆಯಿಂದ ಹಕೀಂ ನಂಜುಂಡನೆಂದು ಹೆಸರಾದ ಈ ಶ್ರೀಕಂಠೇಶ್ವರನ ಸನ್ನಿಧಿಗೆ ವ್ಯಾಧಿಗ್ರಸ್ತರು ಹರಕೆ ಹೊತ್ತು ಬಂದು, ಹೊಳೆಯಲ್ಲಿ ಮಿಂದು, ಉರುಳುಸೇವೆ ಸಲ್ಲಿಸಿ ಹೋಗುವುದು ತಲೆತಲಾಂತರದಿಂದ ನಡೆದುಬಂದ ವಾಡಿಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಲಯವು ಸ್ಥಾಪಿತವಾಗಿ ದೇಶೀಯ ವೈದ್ಯಕ್ಕೆ ಹೊಸ ಚೈತನ್ಯವು ಬಂದಿದ್ದ ಕಾಲದಲ್ಲಿಯೇ, 1913ರಲ್ಲಿ, ಬಿ. ವಿ. ಪಂಡಿತರೆಂಬ ಆಯುರ್ವೇದ ವೈದ್ಯರು ಈ ಊರಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿಯು ಕ್ರಮೇಣ ಕನ್ನಡನಾಡಿನ ಮನೆಮನೆಯ ಬಚ್ಚಲಿನ ಗೂಡನ್ನು ಸೇರಿ, ದೇವರಷ್ಟೇ, ರಸಬಾಳೆಯಷ್ಟೇ ಊರಿನ ಹೆಸರನ್ನು ದೂರಕ್ಕೆ ಒಯ್ದಿತು.

ಪುಡಿಯು ಬರುವುದಕ್ಕೆ ಮುಂಚೆ ನಮ್ಮ ಜನ ಬಾಯಿನಾತಕ್ಕೆ ಏನು ಮಾಡುತ್ತಿದ್ದರೆಂಬುದನ್ನು ತಿಳಿಯದೆ ಪುಡಿಯ ಮಹತ್ತ್ವವನ್ನು ಅಳೆಯುವುದು ಸಾಧ್ಯವಿಲ್ಲ. ಹೊಲಕ್ಕೆ ಹೊರಟವನು ಬೇವಿನ ಕಡ್ಡಿಯನ್ನೋ ಹೊಂಗೆಯ ಕಡ್ಡಿಯನ್ನೋ ಮುರಿದು, ತುದಿಯನ್ನು ಅಗಿದು ಕುಂಚದಂತೆ ಮಾಡಿಕೊಂಡು, ಹಾದಿಯುದ್ದಕ್ಕೂ ಹಲ್ಲುಜ್ಜುತ್ತ ನಡೆಯುತ್ತಿದ್ದನು. ಮನೆಯಲ್ಲಿದ್ದವರಿಗೆ ಒಲೆಯ ಬೂದಿ, ಇದ್ದಿಲು, ಉಪ್ಪು ಇವೇ ಸಾಕಾಗಿದ್ದವು. ಊಟವಾದ ಮೇಲೆ ಬಾಯಿ ಮುಕ್ಕಳಿಸದವನು ಎಂಜಲು ಬಾಯಿಯವನೆನಿಸಿಕೊಳ್ಳುತ್ತಿದ್ದನು. ವ್ರತೋಪವಾಸಗಳ ದಿನಗಳಲ್ಲಿ ಹಲ್ಲಿಗೆ ಕಡ್ಡಿ ಹಚ್ಚಬಾರದೆಂದು ವಿಧಿಸಿದ ಧರ್ಮಶಾಸ್ತ್ರಕಾರರು, ಅಂದು ಹನ್ನೆರಡು ಬಾರಿ ನೀರು ಮುಕ್ಕಳಿಸಿದರೆ ಬಾಯಿ ಶುದ್ಧವಾಗುವುದೆಂದು ಹೇಳಿದರು. ಇದು ಕೇವಲ ಮಡಿಯ ಮಾತೆಂದು ತೋರಬಹುದು. ಆದರೆ ಅನ್ನಾಹಾರವಿಲ್ಲದ ದಿನ ಲಾಲಾರಸವು ಕುಂದಿ, ಬಾಯಿ ಒಣಗಿ, ಉಸಿರು ಕೆಡುವುದೆಂಬುದನ್ನು ಬಲ್ಲವರಿಗೆ ಆ ಹನ್ನೆರಡು ಮುಕ್ಕಳಿಕೆಗಳ ಹಿಂದಿರುವ ಅನುಭವವು ಅರ್ಥವಾಗದಿರದು.

ನಂಜನಗೂಡಿನ ಪುಡಿಗೆ ಆಧಾರದ್ರವ್ಯವಾದದ್ದು ಸುಟ್ಟ ಭತ್ತದ ಹೊಟ್ಟು. ಈ ಸೀಮೆಯನ್ನು ಕಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕಪಿಲೆಗೆ ಹುಲ್ಲಹಳ್ಳಿಯಲ್ಲಿ ಕಟ್ಟಿದ ಅಣೆಯ ನಾಲೆ, ತಲಕಾಡಿನ ಸಮೀಪದಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಮಾಧವಮಂತ್ರಿ ಅಣೆಯ ನಾಲೆ, ಇವು ಹರಿದ ಕಡೆಯೆಲ್ಲ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಬಯಲುಗಳು ಭತ್ತದ ಗದ್ದೆಗಳಾದವು. ಭತ್ತವಿದ್ದಲ್ಲಿ ಹೊಟ್ಟಿಗೆ ಬರವಿಲ್ಲ. ಅಕ್ಕಿಯನ್ನು ಕೊಟ್ಟು ಉಳಿದ, ದನವೂ ಮೂಸದ ಆ ಹೊಟ್ಟು ಸುಟ್ಟರೆ ಬರುವ ಬೂದಿಯಲ್ಲಿ ಬಹುಪಾಲು ಸಿಲಿಕಾ ಎಂಬ ನುಣ್ಣನೆಯ ಖನಿಜಾಂಶವೇ ಇರುವುದು. ಇಂದಿನ ದಂತಲೇಪಗಳಲ್ಲಿ ಹಲ್ಲಿನ ಕೊಳೆಯನ್ನು ಉಜ್ಜಿ ತೆಗೆಯಲು ಬಳಸುವ ದ್ರವ್ಯಗಳಲ್ಲಿಯೂ ಸಿಲಿಕಾ ಒಂದು. ಪೂರ್ತಿ ಬೂದಿಯಾಗದೆ ಉಳಿದ ಕರಿಯ ಅಂಶವು ದುರ್ವಾಸನೆಯನ್ನು ಹೀರುವ ಗುಣವುಳ್ಳದ್ದು. ಕಾಸರಗೋಡಿನ ಕನ್ನಡಿಗರಿಗೆ ನೆರೆಯ ಮಲೆಯಾಳಿಗಳ ಉಮಿಕ್ಕರಿಯ ಪರಿಚಯವಿದ್ದೇ ಇದೆ. ಅದೂ ಇದೇ ಹೊಟ್ಟಿನ ಕರಿಯೇ. ಹಳ್ಳಿಯ ಹಿತ್ತಿಲಲ್ಲಿ ಹೆಸರಿಲ್ಲದೆ ಇದ್ದ ಪದಾರ್ಥಕ್ಕೆ ಔಷಧದ್ರವ್ಯಗಳನ್ನು ಕೂಡಿಸಿ, ಪೊಟ್ಟಣ ಕಟ್ಟಿ, ಬಡವನ ಕೈಗೂ ಎಟಕುವಂತೆ ಮಾಡಿದ್ದು ವೈದ್ಯಬುದ್ಧಿಯೊಡನೆ ಲೋಕಬುದ್ಧಿಯೂ ಕೂಡಿದ ಕಾರ್ಯವೆಂದು ನಾನು ಭಾವಿಸುತ್ತೇನೆ.

ಸುಮಾರು ಇದೇ ಕಾಲದಲ್ಲಿ, 1920ರ ದಶಕದಲ್ಲಿ, ಅಮೆರಿಕದಲ್ಲಿ ಬೇರೊಂದು ಬಗೆಯ ಕಥೆ ನಡೆಯಿತು. 1879ರಲ್ಲಿ ಶಸ್ತ್ರಚಿಕಿತ್ಸೆಗೆಂದು ಹುಟ್ಟಿದ ಲಿಸ್ಟರೀನ್ ಎಂಬ ಕ್ರಿಮಿನಾಶಕ ದ್ರವವನ್ನು ಬಾಯಿ ಮುಕ್ಕಳಿಸುವ ನೀರೆಂದು ಮಾರಲು ಹೊರಟವರು, ಹ್ಯಾಲಿಟೋಸಿಸ್ ಎಂಬ ವೈದ್ಯಶಬ್ದವನ್ನು ಜಾಹೀರಾತಿನಲ್ಲಿ ಮೆರೆಸಿ, ಬಾಯಿ ನಾರುವವಳಿಗೆ ಮದುವೆಯಾಗದೆಂಬ ಅಂಜಿಕೆಯನ್ನು ತರುಣಿಯರ ಮನಸ್ಸಿನಲ್ಲಿ ಬಿತ್ತಿದರು. ಮನುಷ್ಯನ ಲಜ್ಜೆಯನ್ನೇ ಬಂಡವಾಳ ಮಾಡಿಕೊಂಡ ಆ ವ್ಯಾಪಾರವು ನನಗೆ ಒಪ್ಪಿತವಲ್ಲ. ನಮ್ಮ ಹಿರಿಯರು ಬಾಯಿಯ ಶುದ್ಧಿಯನ್ನು ಸ್ನಾನದಂತೆ ನಿತ್ಯಕರ್ಮಕ್ಕೆ ಸೇರಿಸಿದರು, ಅಂಜಿಸಲಿಲ್ಲ.

ಆದರೆ ಪುಡಿಯ ಪ್ರಶಂಸೆಯಲ್ಲಿ ಸತ್ಯವನ್ನು ಮರೆಯಲಾಗದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದಂತಧಾವನದ ಬೆನ್ನಿಗೇ ನಾಲಿಗೆಯ ವಿಚಾರವು ಬರುತ್ತದೆ: ನಾಲಿಗೆಯ ಬುಡದಲ್ಲಿ ನಿಂತ ಮಲವೇ ದುರ್ಗಂಧಕ್ಕೆ ಕಾರಣವಾದ್ದರಿಂದ ಅದನ್ನು ಹೆರೆದು ತೆಗೆಯಬೇಕೆಂದೂ, ಹೆರೆಯುವ ಸಾಧನವು ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಗಳಲ್ಲೊಂದರಿಂದ ಮಾಡಿದ್ದಾಗಿ, ಹರಿತವಿಲ್ಲದೆ, ಬಾಗಿರಬೇಕೆಂದೂ ಅಲ್ಲಿ ಹೇಳಿದೆ. ಏಲಕ್ಕಿ, ಲವಂಗ, ಜಾಜಿಕಾಯಿ, ಕರ್ಪೂರ, ವೀಳ್ಯದೆಲೆಗಳನ್ನು ಬಾಯಲ್ಲಿ ಇರಿಸಿಕೊಳ್ಳುವ ಮಾತು ಅದರ ಅನಂತರದ್ದು. ಎಂದರೆ, ಮೊದಲು ಕೊಳೆ ಹೋಗಬೇಕು, ಆಮೇಲೆ ಪರಿಮಳ. ಇಂದಿನ ದಂತವೈದ್ಯರು ಹೇಳುವುದೂ ಇದೇ: ಬಾಯಿನಾತದ ಮೂಲವು ಬಹುಮಂದಿಯಲ್ಲಿ ಹೊಟ್ಟೆಯಲ್ಲಿಲ್ಲ, ಬಾಯಿಯಲ್ಲಿಯೇ ಇದೆ, ನಾಲಿಗೆಯ ಹಿಂಬದಿಯಲ್ಲಿಯೂ ವಸಡಿನ ಸಂದುಗಳಲ್ಲಿಯೂ ಗಾಳಿ ತಾಗದೆ ಬೆಳೆಯುವ ಸೂಕ್ಷ್ಮಜೀವಿಗಳು ಆಹಾರದ ಶೇಷವನ್ನು ಕೊಳೆಯಿಸಿ ಗಂಧಕಯುಕ್ತವಾದ ಅನಿಲಗಳನ್ನು ಹುಟ್ಟಿಸುತ್ತವೆ.

ತೆಂಗಿನ ಗರಿಯ ಕಡ್ಡಿಯನ್ನು ಸೀಳಿ, ಎರಡು ತುದಿಗಳನ್ನು ಹಿಡಿದು ಬಗ್ಗಿಸಿ ನಾಲಿಗೆ ಹೆರೆದುಕೊಳ್ಳುವ ಕ್ರಮವು, ಕಾವೇರಿ ಕಪಿಲೆಗಳು ಕೂಡುವ ನರಸೀಪುರದ ಸಂಗಮದ ಸೋಪಾನಗಳಲ್ಲಿ ಪ್ರಾತಃಸ್ನಾನಕ್ಕೆ ಇಳಿಯುತ್ತಿದ್ದ ಹಿರಿಯರಿಗೆ ಹಲ್ಲುಜ್ಜುವಷ್ಟೇ ಸಹಜವಾಗಿತ್ತು. ಪುಡಿಯೂ ಅದರ ಹಿಂದೆ ಲೇಪವೂ ಬಂದಂತೆ, ಪೊಟ್ಟಣದಲ್ಲಿ ಸಿಗುವುದಷ್ಟೇ ಬಾಯಿಯ ಶುದ್ಧಿಯೆಂಬ ಭ್ರಮೆಯು ಹಬ್ಬಿ, ಪೊಟ್ಟಣದಲ್ಲಿ ಸಿಗದ ನಾಲಿಗೆ ಹೆರೆಯುವುದೂ ಉಂಡ ಬಳಿಕ ಮುಕ್ಕಳಿಸುವುದೂ ಎಷ್ಟೋ ಮನೆಗಳಲ್ಲಿ ಬಿಟ್ಟುಹೋದವು. ಪುಡಿಯನ್ನು ಬೆರಳಿನಿಂದ ಬಿರುಸಾಗಿ ತಿಕ್ಕಿದರೆ ಹಲ್ಲಿನ ಮೇಲಣ ಹೊಳಪಿನ ಪದರವೇ ಸವೆಯುವುದುಂಟು. ಮೃದುವಾಗಿ ಉಜ್ಜಿದರೂ ಅದು ನಾಲಿಗೆಯ ಬುಡವನ್ನು ಮುಟ್ಟದು. ಇದು ಪುಡಿ ಮಾಡಿದವರ ದೋಷವಲ್ಲ, ಅರ್ಧವನ್ನು ಹಿಡಿದು ಅರ್ಧವನ್ನು ಕೈಬಿಟ್ಟ ನಮ್ಮದು.

ಆದ್ದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಾಳೆ ಮುಂಜಾನೆ ಹಲ್ಲುಜ್ಜಿದ ಮೇಲೆ ತಾಮ್ರದ್ದೋ ಹಿತ್ತಾಳೆಯದ್ದೋ ಬಾಗಿದ ಪಟ್ಟಿಯಿಂದ ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲನೆ ಹೆರೆದುಕೊಳ್ಳಿರಿ, ರಾತ್ರಿ ಮಲಗುವ ಮುನ್ನ ಹಾಗೆಯೇ ಮತ್ತೊಮ್ಮೆ ಮಾಡಿರಿ. ಕೆಲವು ವಾರ ತಪ್ಪದೆ ನಡೆಸಿದರೂ ನಾತವು ಹೋಗದಿದ್ದರೆ, ಅಥವಾ ವಸಡಿನಲ್ಲಿ ರಕ್ತ ಕಾಣಿಸಿಕೊಂಡರೆ, ಏಲಕ್ಕಿ ಅಗಿದು ಮರೆಮಾಚದೆ ದಂತವೈದ್ಯರಿಗೆ ಬಾಯಿ ತೋರಿಸಿರಿ.