ದಾರಿ ತಪ್ಪಿದ ಗಣಕ

ಕೆಂಗಲ್ಲಿನ ಆಂಜನೇಯನ ಗುಡಿ ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯ ಪಕ್ಕದಲ್ಲೇ ಇದೆ. ಹುಡುಕುವ ಕಷ್ಟವಿಲ್ಲ. ಅದೇ ಗುಡಿಗೆ ಒಂದರ ಹಿಂದೊಂದು ಮೂವತ್ತು ಇಬ್ಬಗೆಯ ಕವಲುಗಳನ್ನು ದಾಟಿ ಹೋಗಬೇಕಿದ್ದರೆ? ತಪ್ಪಿದಾಗಲೆಲ್ಲ ಹಿಂದಿನ ಕವಲಿಗೆ ಮರಳುವವನು ನೋಡಬೇಕಾದ ದಾರಿಗಳು ನೂರು ಕೋಟಿ ಮೀರುತ್ತವೆ.

ಗಣಕದ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಸೋಲುವುದು ಹೀಗೆಯೇ. ಬರಹದಲ್ಲಿ ಬೇಕಾದ ಅಕ್ಷರ ವಿನ್ಯಾಸವನ್ನು ಹುಡುಕುವ ಸೂತ್ರವಿದು. ಇಮೇಲ್ ವಿಳಾಸ ಸರಿಯಿದೆಯೇ ಎಂದು ನೋಡುವುದೂ ಇದರಿಂದಲೇ. ಇದರ ಗಣಿತವನ್ನು ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದರು. ಎಲ್ಲ ಕವಲುಗಳಲ್ಲೂ ಒಟ್ಟಿಗೇ ಹೆಜ್ಜೆಯಿಡುವ ಉಪಾಯವನ್ನು 1968ರಲ್ಲಿ ಕೆನ್ ಥಾಂಪ್ಸನ್ ತೋರಿಸಿದರು. ಆದರೆ ಪರ್ಲ್ ಮೊದಲಾದ ಭಾಷೆಗಳು ಹೆಚ್ಚಿನ ಸೌಲಭ್ಯದ ಆಸೆಗೆ ಮರಳಿ ಮರಳಿ ನೋಡುವ ಕ್ರಮವನ್ನೇ ಹಿಡಿದವು. ಮದ್ದು ಮನೆಯಲ್ಲಿಟ್ಟುಕೊಂಡು ರೋಗ ತಂದುಕೊಂಡ ಹಾಗಾಯಿತು.

2016ರ ಜುಲೈ 20ರಂದು 'ಸ್ಟ್ಯಾಕ್ ಓವರ್‌ಫ್ಲೋ' ತಾಣ 34 ನಿಮಿಷ ನಿಂತುಹೋಯಿತು. ಕಾರಣ, ಒಂದು ಬರಹದಲ್ಲಿದ್ದ ಸುಮಾರು 20,000 ಖಾಲಿ ಜಾಗಗಳ ಸಾಲು. ಸೂತ್ರ ಅದನ್ನು ಹತ್ತಿರ ಹತ್ತಿರ 20 ಕೋಟಿ ಸಲ ತಡಕಾಡಿತ್ತು! ಅದು ದಾಳಿಯಲ್ಲ, ಆಕಸ್ಮಿಕ. ಆದರೆ ದಾಳಿ ಮಾಡುವವನಿಗೂ ಅಂಥ ಒಂದು ಸಾಲು ಸಾಕು.

ದುರ್ಬಲ ಸೂತ್ರದ ಪತ್ತೆಗೆ ಎರಡು ಬಗೆ. ಒಂದೇ ಅಕ್ಷರಸಾಲನ್ನು ಹಲವು ರೀತಿಯಲ್ಲಿ ಬಿಡಿಸಲು ಎಡೆಕೊಡುವ ಆವರ್ತನೆ, ಅದರಲ್ಲೂ ಆವರ್ತನೆಯೊಳಗಿನ ಆವರ್ತನೆ, ಸೂತ್ರದಲ್ಲಿದೆಯೇ ಎಂದು ಓದಿ ನೋಡುವುದು ಮೊದಲನೆಯದು. ಇಲ್ಲವೇ ಸೂತ್ರವನ್ನು ಓಡಿಸಿಯೇ ನೋಡಬೇಕು: ಸಾಲಿನ ಉದ್ದ ಇಮ್ಮಡಿಯಾದಾಗ ಹೆಜ್ಜೆಗಳು ನಾಲ್ಮಡಿಯಾದರೆ ಎಚ್ಚರ.

2019ರ ಜುಲೈ 2ರಂದು ಇಂಥದೇ ಸೂತ್ರದಿಂದ 'ಕ್ಲೌಡ್‌ಫ್ಲೇರ್' ಸಂಸ್ಥೆಯ ಸೇವೆ 27 ನಿಮಿಷ ಕುಸಿಯಿತು. ಆಮೇಲೆ ಸಂಸ್ಥೆ ಮೊರೆಹೋದದ್ದು ಥಾಂಪ್ಸನ್ನರ 51 ವರ್ಷ ಹಳೆಯ ಉಪಾಯದ ಸಂತತಿಗೇ.